ಮೇ 24ಕ್ಕೆ ಮದುವೆ, ರಿಜಿಸ್ಟರ್ ನೋಟಿಸ್ ಯಾವಾಗ ಕೊಡಬೇಕು?

ಮೈಸೂರು ಹುಡುಗಿ:
ನಮಸ್ಕಾರ. ನಾನು ಹಿಂದೂ, ಹುಡುಗ ಮಂಗಳೂರಿನ ಕ್ಯಾಥೊಲಿಕ್, ಎರಡೂ ಮನೆಯಲ್ಲಿ ಒಪ್ಪಿದ್ದಾರೆ. ಮೈಸೂರಿನಲ್ಲಿ ಛತ್ರ ಬುಕ್ ಆಗಿದೆ. ಇಬ್ಬರೂ ಮೂರು ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ಅವನಿಗೆ ಲಂಡನ್‌ನಲ್ಲಿ ಕೆಲಸ ಸಿಕ್ಕಿದೆ, ಜೂನ್ ಕೊನೆಗೆ ಹೊರಡಬೇಕು, ನನ್ನ ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ಬೇಕೇ ಬೇಕು. ಧಾರೆ ಮುಗಿಸಿ ಮಾರನೇ ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದರೆ ಆಯ್ತು ಅಂತ ಮಾವ ಹೇಳುತ್ತಾರೆ. ನನಗೆ ಭಯ, ಈಗ ಜನವರಿಯಲ್ಲೇ ನೋಟಿಸ್ ಕೊಟ್ಟುಬಿಡಲಾ? ಧಾರೆಗೆ ಮುಂಚೆ ಸಹಿ ಹಾಕೋದು ಅಜ್ಜಿಗೆ ಇಷ್ಟವಿಲ್ಲ.

ಜಯನಗರ ವಕೀಲ:
ನಿಮ್ಮ ಮಾವ ಹೇಳಿದ್ದು ಇಬ್ಬರೂ ಹಿಂದೂಗಳಾಗಿದ್ದರೆ ಸರಿ. ನಿಮಗೆ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ, ಅದರಲ್ಲಿ ನೋಟಿಸ್ ಹಾಕಿ 30 ದಿನ ಕಾಯಲೇಬೇಕು. ಹಾಗಂತ ಈಗಲೇ ಕೊಡಬೇಡಿ, ಕೊಟ್ಟ ದಿನದಿಂದ 3 ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಶುರು. ಮಾರ್ಚ್ 10ರ ಸುಮಾರಿಗೆ ಕೊಡಿ. ಏಪ್ರಿಲ್ 9ರ ಹೊತ್ತಿಗೆ 30 ದಿನ ಮುಗಿಯುತ್ತದೆ. ಕೊನೇ ಗಳಿಗೆಯಲ್ಲಿ ಯಾರಾದರೂ ತಕರಾರು ಹಾಕಿದರೂ ಅಧಿಕಾರಿ 30 ದಿನದೊಳಗೆ ತೀರ್ಮಾನ ಹೇಳಬೇಕು, ಅಂದರೆ ಮೇ ಎರಡನೇ ವಾರದೊಳಗೆ. ಜೂನ್ ಮೊದಲ ವಾರದ ತನಕ ಸಹಿಗೆ ಅವಕಾಶ ಇರುತ್ತದೆ. ಇನ್ನೊಂದು, ಇಬ್ಬರಲ್ಲಿ ಒಬ್ಬರಾದರೂ 30 ದಿನದಿಂದ ವಾಸವಿರುವ ಜಿಲ್ಲೆಯಲ್ಲೇ ನೋಟಿಸ್ ಕೊಡಬೇಕು. ನಿಮಗದು ಬೆಂಗಳೂರು. ಬಾಡಿಗೆ ಕರಾರು ಪತ್ರ ಈಗಲೇ ಹುಡುಕಿಟ್ಟುಕೊಳ್ಳಿ.

ಕರಾವಳಿ ಅಕ್ಕ:
ನಮ್ಮದೂ ಇದೇ ಥರದ ಮದುವೆ. ಕಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಪ್ರತಿ ಅಲ್ಲಿನ ಆಫೀಸಿಗೂ ಹೋಗುತ್ತದೆ, ಬೋರ್ಡಿಗೆ ಅಂಟಿಸುತ್ತಾರೆ. ನಾವು ಹೇಳಿಕೊಳ್ಳುವ ಮೊದಲೇ ಊರಿನಲ್ಲಿ ಯಾರೋ ನೋಡಿ ನಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿದರು, ಅವರು ತಿಂಗಳುಗಟ್ಟಲೆ ಮಾತಾಡಲಿಲ್ಲ. ಹತ್ತಿರದವರಿಗೆಲ್ಲ ಮೊದಲು ನೀವೇ ಹೇಳಿಬಿಡಿ. ಸಹಿಯ ದಿನ ಮೂರು ಜನ ಸಾಕ್ಷಿ ಬೇಕು, ಗುರುತಿನ ಚೀಟಿ ಸಮೇತ. ಮತ್ತೆ ಅಜ್ಜಿಯ ಹತ್ತಿರ ಒಂದ್ಸಲ ಕೂತು ಮಾತಾಡು ತಂಗಿ, ಮೇ ಮಧ್ಯದಲ್ಲೇ ಸಹಿ ಆದರೆ ವೀಸಾಕ್ಕೆ ಹತ್ತು ದಿನ ಜಾಸ್ತಿ ಸಿಗುತ್ತದೆ. ಹೊರಡುವ ತನಕ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಲು ಹೋಗಬೇಡ. ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟಿನ ಸ್ಪೆಲಿಂಗೇ ಇರಲಿ.

ಮೈಸೂರು ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಅಕ್ಕ. ಸದ್ಯ, ನಾಳೆ ರಜ ಹಾಕಿ ನೋಟಿಸ್ ಕೊಡೋಣ ಅಂತಿದ್ದೆ! ಭಾನುವಾರ ಮೈಸೂರಿಗೆ ಹೋಗಿ ಅಜ್ಜಿಯ ಹತ್ತಿರ ಮಾತಾಡುತ್ತೇನೆ.