ಮಡಗಾಂವಿನ ಸುತ್ತ ಏರಿಳಿತದ ಹಳ್ಳಿ ದಾರಿಗಳು: ಓಡಲು ಯಾವ ಕಡೆಗೆ ಹೋಗಲಿ?

ಸಾಧನಕೇರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ವರ್ಗಾವಣೆಯಿಂದಾಗಿ ಧಾರವಾಡ ಬಿಟ್ಟು ಮಡಗಾಂವಿಗೆ ಬಂದಿದ್ದೇನೆ. ಮನೆ ಫಾತೋರ್ಡಾದಲ್ಲಿದೆ. ಊರಿನಲ್ಲಿ ವಿಶ್ವವಿದ್ಯಾಲಯದ ಏರುಗಳಲ್ಲಿ ಓಡಿ ಅಭ್ಯಾಸವಾದವಳಿಗೆ ಇಲ್ಲಿ ಕ್ರೀಡಾಂಗಣವನ್ನು ಸುತ್ತು ಹಾಕುವುದು ಬೇಸರ ತರಿಸಿಬಿಟ್ಟಿದೆ. ಕೊಲ್ವಾ ಕಡೆ ಹೋದರೆ ನೆಲ ಪೂರ್ತಿ ಸಪಾಟು, ಮೇಲೆ ಬಾಡಿಗೆ ಸ್ಕೂಟರುಗಳ ಕಾಟ.

ಅರ್ಧ ಮ್ಯಾರಥಾನಿಗೆ ತಯಾರಿ ನಡೆಸಿದ್ದೇನೆ. 12ರಿಂದ 18 ಕಿಲೋಮೀಟರಿನ, ಏರಿಳಿತವಿರುವ, ಹಳೆಯ ಊರುಗಳ ನಡುವೆ ಹಾಯುವ ದಾರಿಗಳು ಬೇಕು. ಫೋನಿನ ನಕ್ಷೆಯನ್ನು ನಂಬಿ ಹೊರಟರೆ ದಾರಿ ಯಾರದೋ ಮನೆಯ ಅಂಗಳದಲ್ಲಿ ಮುಗಿದು, ಆ ಮನೆಯ ಅಜ್ಜಿ ಯಾರು ಬೇಕು ಎಂದು ಕೇಳುತ್ತಾರೆ. ಒಬ್ಬಳೇ ಓಡುತ್ತೇನೆ, ಆದ್ದರಿಂದ ನಾಯಿ, ಕತ್ತಲೆ, ನೀರು ಈ ಮೂರರ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ.

ಮಾಂಡವಿ ದಡ:

ಭಾನುವಾರ ಬಿಡುವಿದ್ದರೆ ದಿವಾಡಿ ದ್ವೀಪಕ್ಕೆ ಬನ್ನಿ. ಸೇತುವೆ ಇಲ್ಲ, ಹಳೆ ಗೋವಾದಿಂದ ಫೆರಿ ಹಿಡಿಯಬೇಕು. ಸೇತುವೆ ಇಲ್ಲದಿರುವುದರಿಂದಲೇ ಅಲ್ಲಿ ವಾಹನ ಕಡಿಮೆ. ಇಳಿದ ಕೂಡಲೇ ಎರಡೂ ಕಡೆ ಗದ್ದೆ, ಜೌಗು, ಬೆಳ್ಳಕ್ಕಿ; ಆಮೇಲೆ ಪಿಯೆದಾದೆ ಊರಿನ ಗುಡ್ಡ. ಗುಡ್ಡದ ಮೇಲಿನ ಚರ್ಚಿನ ಎದುರು ನಿಂತರೆ ನದಿಯಾಚೆಗೆ ಹಳೆ ಗೋವಾದ ಗೋಪುರಗಳು ಕಾಣುತ್ತವೆ.

ಉತ್ಸಾಹ ಉಳಿದಿದ್ದರೆ ದ್ವೀಪದ ಇನ್ನೊಂದು ತುದಿಯಿಂದ ಮತ್ತೊಂದು ಫೆರಿ ಹತ್ತಿ ನಾರ್ವೆಗೆ ಹೋಗಬಹುದು. ಅಲ್ಲಿರುವುದು ಗೋವಾ ಕದಂಬರ ಕುಲದೈವ ಸಪ್ತಕೋಟೀಶ್ವರ. ಮೂಲ ಗುಡಿ ದಿವಾಡಿಯಲ್ಲೇ ಇತ್ತು. ಪೋರ್ಚುಗೀಸರ ಕಾಲದಲ್ಲಿ ಅದು ನಾಶವಾದ ಮೇಲೆ ಲಿಂಗವನ್ನು ನದಿ ದಾಟಿಸಿದರು. ಈಗಿನ ಗುಡಿಯನ್ನು 1668ರಲ್ಲಿ ಶಿವಾಜಿ ಕಟ್ಟಿಸಿಕೊಟ್ಟದ್ದು.

ಲೋಂಡಾ ಗಾರ್ಡ್:

ದಿವಾಡಿ ಚೆಂದವೇ, ಬೇಡವೆನ್ನುವುದಿಲ್ಲ. ಆದರೆ ಅಲ್ಲಿ ಗುಡ್ಡ ಇರುವುದು ಒಂದೇ. ಫಾತೋರ್ಡಾದಲ್ಲಿ ಮನೆ ಮಾಡಿ ಓಡುವುದಕ್ಕೆ ದಿವಾಡಿಗೆ ಹೋಗುವುದೆಂದರೆ ಹಿತ್ತಿಲಲ್ಲಿ ಬಾವಿ ಇಟ್ಟುಕೊಂಡು ಹೊಳೆಗೆ ಕೊಡ ಹೊತ್ತ ಹಾಗೆ.

ನಾನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಈಗ ಆ ಹುದ್ದೆಯನ್ನು ಟ್ರೇನ್ ಮ್ಯಾನೇಜರ್ ಎನ್ನುತ್ತಾರೆ. ಹಸಿರು ಬಾವುಟ ಅದೇ, ಸಂಬಳದ ಗೊಣಗಾಟವೂ ಅದೇ. ವಾಸ್ಕೋ–ಲೋಂಡಾ ಮಾರ್ಗದಲ್ಲಿ ಕೊನೆಯ ಡಬ್ಬಿಯಲ್ಲಿ ನಿಂತು ಸಾಷ್ಟಿಯ, ಅಂದರೆ ಮಡಗಾಂವಿನ ಸುತ್ತಲಿನ ತಾಲ್ಲೂಕಿನ, ಈ ಹಳ್ಳಿಗಳು ಹಿಂದೆ ಸರಿಯುವುದನ್ನೇ ನೋಡುತ್ತಿದ್ದೆ. ನಿವೃತ್ತಿಯಾದ ಮೇಲೆ ಅವುಗಳನ್ನು ಎದುರಿನಿಂದ ನೋಡೋಣವೆಂದು ಓಡಲು ಶುರು ಮಾಡಿದೆ.

ನೀವು ಪೂರ್ವಕ್ಕೆ ಮುಖ ಮಾಡಿ ಹೊರಡಿ. ಆರ್ಲೆಂ ದಾಟಿ ರಾಯ, ಅಲ್ಲಿಂದ ರಾಶೋಲ್, ಕುಡ್ತರಿ, ಗಿರ್ದೋಳಿ, ಕೊನೆಗೆ ಚಾಂದೋರ್. ಯಾವ ಅಡ್ಡದಾರಿ ಹಿಡಿಯುತ್ತೀರಿ ಎಂಬುದರ ಮೇಲೆ 15ರಿಂದ 18 ಕಿಲೋಮೀಟರ್ ಆಗುತ್ತದೆ. ತಿರುಗಿ ಓಡಬೇಡಿ. ಚಾಂದೋರಿನಲ್ಲಿ ರೈಲು ನಿಲ್ದಾಣವಿದೆ. ಕುಳೆಂ–ವಾಸ್ಕೋ ಪ್ಯಾಸೆಂಜರ್ ನಿಲ್ಲುತ್ತದೆ, ಮುಂದಿನ ನಿಲ್ದಾಣವೇ ಮಡಗಾಂವ. ಹೊರಟಲ್ಲಿಗೇ ಬಂದು ಮುಟ್ಟಬೇಕೆಂಬ ಹಟ ಈ ಕೈಗಡಿಯಾರದ ಓಟಗಾರರಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಒಂದೂರಿನಿಂದ ಇನ್ನೊಂದೂರಿಗೆ ಹೋಗಿ ಮುಟ್ಟುವುದರಲ್ಲಿ ಒಂದು ಸುಖವಿದೆ.

ಏರಿಳಿತ ಏಕೆ ಸಿಗುತ್ತದೆ ಎಂಬುದನ್ನು ತಿಳಿದುಕೊಂಡರೆ ನಿಮಗೆ ನಕ್ಷೆಯೇ ಬೇಕಾಗುವುದಿಲ್ಲ. ಇಲ್ಲಿಯ ಹಳ್ಳಿ ಗದ್ದೆಯಲ್ಲಿ ಕೂರುವುದಿಲ್ಲ, ಗುಡ್ಡದ ನೆತ್ತಿಯಲ್ಲೂ ಕೂರುವುದಿಲ್ಲ. ಗದ್ದೆ ಅನ್ನ ಕೊಡುವ ನೆಲ, ಅದರಲ್ಲಿ ಮನೆ ಕಟ್ಟುವಂತಿಲ್ಲ. ನೆತ್ತಿಯ ಮೇಲೆ ಬರೀ ಜಂಬಿಟ್ಟಿಗೆ ಕಲ್ಲು, ಬಾವಿ ತೋಡಿದರೆ ನೀರು ಸುಲಭವಾಗಿ ಸಿಗದು. ಹಾಗಾಗಿ ವಾಡೊಗಳೆಲ್ಲ, ಅಂದರೆ ಹಳ್ಳಿಯ ಕೇರಿಗಳೆಲ್ಲ, ಇವೆರಡರ ನಡುವಿನ ಇಳಿಜಾರಿನ ಅಂಚಿಗೆ, ತೆಂಗು ಹಲಸಿನ ನೆರಳಲ್ಲಿ ಸಾಲಾಗಿ ಕುಳಿತಿವೆ. ಒಂದು ವಾಡೊದಿಂದ ಇನ್ನೊಂದಕ್ಕೆ ಹೋಗುವ ದಾರಿ ಗದ್ದೆಗೆ ಇಳಿದು, ಅದನ್ನು ದಾಟಿ, ಮತ್ತೆ ಹತ್ತಲೇಬೇಕು. ಗದ್ದೆಯ ಮೇಲೆ ಮಂಜು ಕಂಡರೆ ಎದುರಿಗೆ ಏರು ಇದೆ ಎಂದೇ ಲೆಕ್ಕ.

ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಹತ್ತುವ ಬ್ರಗಾಂಜಾ ಘಾಟಿನ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಅಷ್ಟಕ್ಕೇ ಗೂಡ್ಸ್ ಗಾಡಿಗೆ ಹಿಂದಿನಿಂದ ತಳ್ಳಲು ಇಂಜಿನ್ ಕಟ್ಟುತ್ತೇವೆ. ಈ ಹಳ್ಳಿ ದಾರಿಯ ಕೆಲವು ತುಂಡು ಏರುಗಳು ಅದಕ್ಕಿಂತ ಕಡಿದು. ನಿಮ್ಮನ್ನು ತಳ್ಳುವವರಿಲ್ಲ, ಹೆಜ್ಜೆ ಚಿಕ್ಕದು ಮಾಡಿ, ಗಡಿಯಾರ ನೋಡಬೇಡಿ, ಉಸಿರಿನ ಲೆಕ್ಕದಲ್ಲೇ ಹತ್ತಿ.

ರಾಶೋಲಿನಲ್ಲಿ ಹಳೆಯ ಕೋಟೆಯ ದ್ವಾರವೊಂದು ಉಳಿದಿದೆ, ರಸ್ತೆ ಅದರೊಳಗಿಂದಲೇ ಹಾಯುತ್ತದೆ. ಗುಡ್ಡದ ಮೇಲೆ 1600ರ ದಶಕದ ಆರಂಭದಲ್ಲಿ ಕಟ್ಟಿದ ಸೆಮಿನರಿ, ಪಾದ್ರಿಗಳಾಗುವವರು ಓದುವ ಶಾಲೆ. 1616ರಷ್ಟು ಹಿಂದೆಯೇ ಇಲ್ಲಿ ಮುದ್ರಣಾಲಯವಿತ್ತು ಎಂದರೆ ನಂಬುವುದು ಕಷ್ಟ, ಈಗ ಅಷ್ಟು ಸದ್ದಿಲ್ಲದ ಊರು. ಆಚೆ ಬದಿಗೆ ಜುವಾರಿ ನದಿ.

ನನಗೆ ಮಾತ್ರ ಎಲ್ಲಕ್ಕಿಂತ ಇಷ್ಟ ಕುಡ್ತರಿ. ಸಾಷ್ಟಿಯ ಕಣಜ ಎಂದು ಅದಕ್ಕೆ ಹೆಸರು. ಕೆರೆಯ ಮೇಲೆ ಕೆರೆ. ಮಳೆಗಾಲದ ಬೆಳೆ ಮುಗಿದ ಮೇಲೆ ವಾಯಂಗಣದ ಭತ್ತಕ್ಕೆ ಈ ಕೆರೆಗಳಿಂದಲೇ ನೀರು ಬಿಡುತ್ತಾರೆ. ಡಿಸೆಂಬರ್ ಜನವರಿಯಲ್ಲಿ ಹೋದರೆ ಬೇರೆ ಕಡೆ ಗದ್ದೆ ಒಣಗಿರುವಾಗ ಇಲ್ಲಿ ನಾಟಿ ನಡೆದಿರುತ್ತದೆ. ನೀರಿನಂಚಿಗೆ ಸಂತ ಅಲೆಕ್ಸ್ ಚರ್ಚ್, 1597ರಲ್ಲಿ ಕಟ್ಟಿದ್ದು. ಕೆರೆ ಏರಿಯ ಮೇಲೆ ಓಡುವಾಗ ಎದುರಿಗೆ ಸೈಕಲ್ಲಿನಲ್ಲಿ ಬ್ರೆಡ್ ಮಾರುವ ಪೋದೇರ್ ಹಾರ್ನ್ ಒತ್ತುತ್ತಾ ಬರುತ್ತಾನೆ. ಬಿಸಿ ಪೊಯಿ, ಇಲ್ಲಿಯ ದುಂಡನೆಯ ಬ್ರೆಡ್, ಕೊಂಡು ತಿನ್ನಿ. ಓಟಗಾರರ ಅಂಗಡಿಯಲ್ಲಿ ಮಾರುವ ಆ ಅಂಟು ಜೆಲ್ ಪೊಟ್ಟಣಗಳಿಗಿಂತ ಮೇಲು, ವೈದ್ಯರು ಏನೇ ಹೇಳಲಿ.

ಹಾರ್ಬರ್ ಮೇಷ್ಟ್ರು:

ಗಾರ್ಡ್ ಸಾಹೇಬರ ದಾರಿಗೆ ನನ್ನ ಒಪ್ಪಿಗೆ ಇದೆ, ಎರಡು ಆಕ್ಷೇಪಗಳೊಂದಿಗೆ. ಆರ್ಲೆಂನಿಂದ ರಾಯದವರೆಗಿನ ತುಂಡು ಬೋರಿಂ ಸೇತುವೆಗೆ ಹೋಗುವ ಹೆದ್ದಾರಿ. ಲಾರಿಗಳು ಇಕ್ಕಟ್ಟಿನ ತಿರುವುಗಳಲ್ಲಿ ಓಟಗಾರರನ್ನು ಲೆಕ್ಕಕ್ಕೇ ಇಡುವುದಿಲ್ಲ. ಗಾಡಿ ರಾಯದಲ್ಲಿ ನಿಲ್ಲಿಸಿ ಅಲ್ಲಿಂದಲೇ ಶುರು ಮಾಡಿ, ಹೇಗಿದ್ದರೂ 12 ಕಿಲೋಮೀಟರ್ ಉಳಿಯುತ್ತದೆ. ಇದೇ ಕಾರಣಕ್ಕೆ ಲೋಟಲಿಗೂ ಹೆದ್ದಾರಿ ಹಿಡಿದು ಹೋಗಬೇಡಿ. ಊರೊಳಗಿನ ದಾರಿಗಳು ಮಾತ್ರ ಬಹಳ ಸೊಗಸು. ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಊರು ಅದು, ಹಳೆಯ ಬಂಗಲೆಗಳ ಕಂಬದ ಜಗಲಿಗಳನ್ನು ನೋಡುತ್ತ ಓಡಿದರೆ ಅವರ ಚಿತ್ರದೊಳಗೇ ಹೊಕ್ಕಂತಾಗುತ್ತದೆ.

ಎರಡನೆಯದು ಜೂನ್‌ನಿಂದ ಸೆಪ್ಟೆಂಬರ್. ಜಂಬಿಟ್ಟಿಗೆಯ ಗೋಡೆ, ಮೆಟ್ಟಿಲು, ರಸ್ತೆಯಂಚು ಎಲ್ಲವೂ ಪಾಚಿ ಕಟ್ಟುತ್ತವೆ. ಇಳಿಜಾರಿನಲ್ಲಿ ಡಾಂಬರಿನ ನಡುಭಾಗ ಬಿಟ್ಟು ಅಂಚಿಗೆ ಕಾಲಿಡಬೇಡಿ.

ಇನ್ನು ಚಾಂದೋರಿಗೆ ಹೋಗಿ ರೈಲು ಹತ್ತಿ ಬಂದುಬಿಡುವುದು ಕನ್ನಡದವರಿಗೆ ತರವಲ್ಲ. ಚೌಕದಲ್ಲಿರುವ ಮೆನೆಜಿಸ್ ಬ್ರಗಾಂಜಾ ಮನೆತನದ ಬಂಗಲೆಯನ್ನು ಪ್ರವಾಸಿಗರೆಲ್ಲ ನೋಡುತ್ತಾರೆ. ಅಲ್ಲಿಂದ ಸ್ವಲ್ಪ ಮುಂದೆ ಕೋಟ ಎಂಬ ಜಾಗದಲ್ಲಿ ತಲೆಯಿಲ್ಲದ ನಂದಿಯೊಂದು ಬಯಲಲ್ಲಿ ಕುಳಿತಿದೆ, ಅದರ ಬಳಿ ಯಾರೂ ಸುಳಿಯುವುದಿಲ್ಲ. ಕುಶಾವತಿ ನದಿಯ ದಡದ ಈ ಊರೇ ಚಂದ್ರಪುರ, ಗೋವಾ ಕದಂಬರ ಮೊದಲ ರಾಜಧಾನಿ. 11ನೆಯ ಶತಮಾನದಲ್ಲಿ ಒಂದನೆಯ ಜಯಕೇಶಿ ರಾಜಧಾನಿಯನ್ನು ಜುವಾರಿ ದಡದ ಗೋಪಕಪಟ್ಟಣಕ್ಕೆ ಒಯ್ದ. ನಿಮ್ಮ ಧಾರವಾಡದ ಸುತ್ತಲಿನ ಸೀಮೆಯನ್ನೂ ಆಳಿದ ಮನೆತನ ಅದು. ಅವರ ಗುಡಿಯಿರುವ ಹಲಸಿ ಊರಿಗೆ ಹೋಗಿದ್ದರೆ ನೆನಪಾದೀತು.

ಇದಕ್ಕಿಂತ ಹೆಚ್ಚಿನ ಏರು ಬೇಕೆನಿಸಿದ ದಿನ ಪಾರೋಡಾದ ಚಂದ್ರನಾಥ ಗುಡ್ಡ ಹತ್ತಿ. ಮೇಲೆ ಚಂದ್ರೇಶ್ವರ ಭೂತನಾಥ ದೇವಸ್ಥಾನ. ಅದು ಓಟವಲ್ಲ, ಹರಕೆ.

ಸಾಧನಕೇರಿ:

ಇಷ್ಟೊಂದು ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಲಸಿಗೆ ಹೋಗಿದ್ದೇನೆ ಮೇಷ್ಟ್ರೇ, ವರಾಹ ನರಸಿಂಹನ ಗುಡಿ ನೋಡಿದ್ದೇನೆ. ಚಾಂದೋರ್‌ನ ನಂಟು ಗೊತ್ತಿರಲಿಲ್ಲ.

ಗಾರ್ಡ್ ಅವರಿಗೆ ಒಂದು ಮಾತು. ರೈಲು ತಪ್ಪಿದರೆ ಬೆವರಿನ ಬಟ್ಟೆಯಲ್ಲಿ ಒಬ್ಬಳೇ ಎಷ್ಟು ಹೊತ್ತು ಕೂರಬೇಕಾದೀತು? ನಾಯಿಗಳ ವಿಷಯವನ್ನೂ ನೀವು ಹಾರಿಸಿಬಿಟ್ಟಿರಿ.

ಲೋಂಡಾ ಗಾರ್ಡ್:

ರೈಲಿನ ವೇಳೆ ಬದಲಾಗುತ್ತಿರುತ್ತದೆ, ನಾನು ಇಲ್ಲಿ ಬರೆದರೆ ನಾಳೆ ನನಗೇ ಬೈಯುತ್ತೀರಿ. ಹಿಂದಿನ ರಾತ್ರಿ ರೈಲ್ವೆಯ ಆ್ಯಪ್‌ನಲ್ಲಿ ನೋಡಿ, ಗಾಡಿಯ ವೇಳೆಯಿಂದ ಹಿಂದಕ್ಕೆ ಎಣಿಸಿ ಹೊರಡಿ. ತಪ್ಪಿದರೆ ಚರ್ಚಿನ ಚೌಕದಿಂದ ಮಡಗಾಂವಿಗೆ ಬಸ್ ಇದೆ. ಭಾನುವಾರ ಮಾತ್ರ ಅದು ತೆಳ್ಳಗಾಗುತ್ತದೆ, ಆದ್ದರಿಂದ ಮೊದಲ ಸಲ ಶನಿವಾರ ಹೋಗಿ.

ಕತ್ತಲೆಯಲ್ಲಿ ಗದ್ದೆಯ ನಡುವಿನ ದಾರಿಗಳು ಬೇಡ. ದೀಪವೂ ಇಲ್ಲ, ಮಳೆಗಾಲದಲ್ಲಿ ಹಾವೂ ಉಂಟು. ಬೆಳಕು ಬಿಡುವಾಗ ರಾಯ ಬಿಟ್ಟರೆ ಸಾಕು. ಬೆಳಗಿನ ಪೂಜೆಗೆ ಚರ್ಚಿಗೆ ಹೋಗುವ ಹೆಂಗಸರು ಅಷ್ಟೊತ್ತಿಗೆ ರಸ್ತೆಯಲ್ಲಿರುತ್ತಾರೆ. ನನ್ನ ಮಗಳೂ ಒಬ್ಬಳೇ ಓಡುವುದು ಅದೇ ಹೊತ್ತಿನಲ್ಲಿ.

ನಾಯಿ ಇರುವುದು ಮೀನು ಮಾರುವ ಜಾಗದಲ್ಲಿ ಮತ್ತು ತಾವೆರ್ನಾಗಳ, ಅಂದರೆ ಹೆಂಡದಂಗಡಿಗಳ, ಮುಂದೆ. ಅಲ್ಲಿ ಓಡಬೇಡಿ, ನಡೆಯಿರಿ. ಬೆನ್ನು ಹತ್ತಿದರೆ ಕಲ್ಲು ಎತ್ತಿಕೊಳ್ಳುವವರ ಹಾಗೆ ಬಗ್ಗಿ, ಕಲ್ಲು ಬೇಕೆಂದೇನಿಲ್ಲ. ನೀರು ಅರ್ಧ ಲೀಟರ್ ಕೈಯಲ್ಲೇ ಇರಲಿ. ಇಲ್ಲಿಯ ಸೆಕೆ ಧಾರವಾಡದ್ದಲ್ಲ, ಬೆವರು ಆರುವುದೇ ಇಲ್ಲ. ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಿ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ, ಪೋದೇರ್ ಹತ್ತಿರ ಐನೂರರ ನೋಟಿಗೆ ಚಿಲ್ಲರೆ ಇರುವುದಿಲ್ಲ.