80 ಮೀಟರ್ ಆಳದ ಜಿಗ್ಗಿಂಗ್: ಕಲಿಯೋದು ಎಲ್ಲಿಂದ?

ಪ್ರಶ್ನೆ: ಊರು ಮರವಂತೆ ಕಡೆ. ಬಂಡೆ ಮೇಲೆ ನಿಂತು ಗಾಳ ಹಾಕಿ ಅಭ್ಯಾಸ ಇದೆ. ಈಗ ಕೆಲಸ ಮಸ್ಕತ್‌ನಲ್ಲಿ. ರಜೆ ದಿನ ದೋಣಿಯಲ್ಲಿ 60–80 ಮೀಟರ್ ಆಳಕ್ಕೆ ಜಿಗ್ಗಿಂಗ್‌ಗೆ ಹೋಗ್ತೀವಿ, ಅಂದ್ರೆ ಜಿಗ್ ಅನ್ನೋ ಲೋಹದ ಹುಸಿ ಮೀನನ್ನ ಆಳಕ್ಕಿಳಿಸಿ ಕುಣಿಸ್ತಾ ಮೀನು ಹಿಡಿಯೋದು. ಸ್ವಲ್ಪ ಹೊತ್ತಿಗೇ ತೋಳು ಸೋಲುತ್ತೆ, ಪಕ್ಕದವರಿಗೆ ಮೀನು ಸಿಗುತ್ತೆ, ನನಗಿಲ್ಲ. ದೊಡ್ಡ ರೀಲ್ ತಗೊಳ್ಳಲಾ?

ಒಮಾನ್‌ನಲ್ಲೇ ಇರುವ ಒಬ್ಬರು:
ರೀಲ್ ವಿಷಯ ಆಮೇಲೆ. ನೀವು ಎಳೆಯೋದರ ಬಗ್ಗೆ ಯೋಚನೆ ಮಾಡ್ತಿದ್ದೀರಿ, ಆದರೆ ಮೀನು ಬಹಳ ಸಲ ಕಚ್ಚೋದು ಜಿಗ್ ಬೀಳುವಾಗ. ಹಾಗಾಗಿ ಇಳಿಸೋದನ್ನೇ ಮೊದಲು ಕಲಿಯಿರಿ. ಪ್ರತಿ 10 ಮೀಟರ್‌ಗೆ ಬಣ್ಣ ಬದಲಾಗುವ ಬ್ರೇಡ್ (ಹೆಣೆದ ಲೈನ್) ಹಾಕಿಸಿ. ಇಳಿಯುವಾಗ ಸ್ಪೂಲ್ ಮೇಲೆ ಬೆರಳು ಹಗುರವಾಗಿ ತಾಗಿಸಿಕೊಂಡೇ ಇರಿ, ಬಣ್ಣ ಎಣಿಸ್ತಾ ಹೋಗಿ. ದೋಣಿಯಲ್ಲಿ ಆಳ ತೋರಿಸುವ ಫಿಶ್ ಫೈಂಡರ್ 75 ಮೀಟರ್ ಅಂತಿದೆ, ನಿಮ್ಮ ಲೈನ್ ಐದನೇ ಬಣ್ಣದಲ್ಲೇ ತಟ್ಟನೆ ನಿಂತಿತು ಅಂದ್ರೆ ಅದು ತಳ ಅಲ್ಲ, ಮೀನು. ತಕ್ಷಣ ರೀಲ್ ತಿರುಗಿಸಿ. ಬೆರಳು ಎತ್ತಿಬಿಟ್ಟವರಿಗೆ ಇದು ಗೊತ್ತೇ ಆಗಲ್ಲ, ಸಡಿಲ ಲೈನ್ ಹರಿದುಕೊಂಡು ಹೋಗ್ತಾನೇ ಇರುತ್ತೆ.

ತಳ ಮುಟ್ಟಿದ ಕೂಡಲೇ ಎರಡು ಮೂರು ಸುತ್ತು ಬೇಗ ಎತ್ತಿ, ಇಲ್ಲಾಂದ್ರೆ ಜಿಗ್ ಕಲ್ಲಿಗೆ ಸಿಕ್ಕಿಕೊಳ್ಳುತ್ತೆ. ದೋಣಿ ತೇಲಿ ಲೈನ್ ತುಂಬಾ ಓರೆಯಾದರೆ ಆ ಇಳಿತ ಕೈಬಿಡಿ: ಪೂರ್ತಿ ಎತ್ತಿ ಮತ್ತೆ ಬಿಡಿ, ಅಥವಾ ಇನ್ನೂ ಭಾರದ ಜಿಗ್ ಹಾಕಿ. 60 ಮೀಟರ್‌ಗೆ 120–150 ಗ್ರಾಂ ಸಾಕು, ಸೆಳೆತ ಜೋರಿದ್ದರೆ 200.

ತೋಳು ಸೋಲೋದಕ್ಕೆ ಕಾರಣ ಬಹುಶಃ ರಾಡ್‌ನ ಬುಡ ಗಾಳಿಯಲ್ಲಿ ಇರೋದು. ಅದನ್ನ ಕಂಕುಳಲ್ಲಿ ಒತ್ತಿ ಹಿಡಿಯಿರಿ. ಒಂದು ಎತ್ತು, ಒಂದು ಸುತ್ತು, ಅಷ್ಟೇ. ತುದಿ ತಲೆಗಿಂತ ಮೇಲೆ ಹೋಗೋ ಅಗತ್ಯವೇ ಇಲ್ಲ.

ಮಂಗಳೂರಿನಿಂದ:
ಮೇಲಿನವರು ಹೇಳಿದ್ದಕ್ಕೆ ಸೇರಿಸ್ತೀನಿ: ನಿಮಗೆ ಸ್ಲೋ ಪಿಚ್ ಒಗ್ಗುತ್ತೆ. ಜಪಾನಿನ ಸಾಟೊ ನೊರಿಹಿರೊ ಪ್ರಚಾರಕ್ಕೆ ತಂದ ವಿಧಾನ. ಕಾಲು ಅಥವಾ ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿ. ಬಾಗಿದ ರಾಡ್ ತಾನೇ ನೆಟ್ಟಗಾಗ್ತಾ ಜಿಗ್ಗನ್ನ ಮೇಲಕ್ಕೆ ತಳ್ಳುತ್ತೆ. ಆಗ ತುದಿ ತಗ್ಗಿಸಿದರೆ ಜಿಗ್ ಅಡ್ಡ ಮಲಗಿ ತೂರಾಡ್ತಾ ಬೀಳುತ್ತೆ. ಕೆಲಸ ರಾಡ್‌ದು, ನಿಮ್ಮ ಭುಜದ್ದಲ್ಲ. ತಳದ ಹಮ್ಮೂರ್‌ಗೆ, ಅಂದ್ರೆ ನಮ್ಮ ಮುರು ಮೀನಿಗೆ, ಇದಕ್ಕಿಂತ ಒಳ್ಳೇದು ನಾನಂತೂ ಕಂಡಿಲ್ಲ. ಕೇದರ್ (ಟ್ಯೂನಾ) ಥರ ಓಡೋ ಮೀನಿಗೆ ಮಾತ್ರ ವೇಗ ಬೇಕು. ನಮ್ಮ ಕರಾವಳಿಯಲ್ಲಿ ಇಷ್ಟು ಆಳ ಬೇಕಾದರೆ ಹತ್ತಾರು ಕಿಲೋಮೀಟರ್ ಹೋಗ್ಬೇಕು. ನಿಮಗೆ ದಡದ ಹತ್ತಿರವೇ ಸಿಕ್ಕಿದೆ, ಬಿಡಬೇಡಿ.

ಬ್ರೇಡ್‌ಗೆ ಲೀಡರ್ (ತುದಿಯ ದಪ್ಪ ಲೈನ್) ಸೇರಿಸೋಕೆ ಎಫ್‌ಜಿ ಅನ್ನೋ ಗಂಟು ಕಲಿಯಿರಿ, ಮನೆಯಲ್ಲೇ, ದೋಣಿಯಲ್ಲಿ ಅಲ್ಲ. ಡ್ರ್ಯಾಗ್, ಅಂದ್ರೆ ಮೀನು ಎಳೆದಾಗ ಲೈನ್ ಬಿಡೋ ರೀಲ್‌ನ ಬಿಗಿ, ಲೈನ್‌ನ ತಾಕತ್ತಿನ ಮೂರನೇ ಒಂದು ಭಾಗ ದಾಟದಿರಲಿ, ಸ್ಪ್ರಿಂಗ್ ತಕ್ಕಡಿ ಕಟ್ಟಿ ಅಳೆದು ನೋಡಿ. ಅಸಿಸ್ಟ್ ಹುಕ್ (ಜಿಗ್‌ಗೆ ದಾರದಲ್ಲಿ ಕಟ್ಟಿದ ಗಾಳ) ಚೂಪಾಗಿದ್ದರೆ ಜೋರಾಗಿ ಜಗ್ಗೋದೂ ಬೇಡ. ಲೈನ್ ಬಿಗಿ ಇಟ್ಟು ತಿರುಗಿಸ್ತಾ ಹೋದರೆ ತಾನೇ ನಾಟುತ್ತೆ.

ಮತ್ತೊಬ್ಬರು:
ಒಮಾನ್‌ನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅಂಜಲ್ ಹಿಡಿಯುವಂತಿಲ್ಲ, ಅಲ್ಲಿ ಅದಕ್ಕೆ ಕನಾದ್ ಅಂತಾರೆ. ಆ ಎರಡು ತಿಂಗಳಲ್ಲಿ ಜಿಗ್ಗಿಗೆ ಬಂದರೂ ಬಿಟ್ಟುಬಿಡಿ.

ಬಿಡೋ ವಿಷಯಕ್ಕೆ ಇನ್ನೊಂದು. 60 ಮೀಟರ್‌ನಿಂದ ಬಂದ ಸಣ್ಣ ಹಮ್ಮೂರ್‌ನ ಗಾಳಿಚೀಲ ಉಬ್ಬಿ, ಕಣ್ಣು ಹೊರಬಂದು, ಹೊಟ್ಟೆ ಬಾಯಿಂದ ಇಣುಕ್ತಿರುತ್ತೆ. ಸುಮ್ಮನೆ ನೀರಿಗೆ ಎಸೆದರೆ ಮೇಲೇ ತೇಲಿ ಸಾಯುತ್ತೆ. ಬಾಯಿಂದ ಬಂದಿದ್ದನ್ನ ಚುಚ್ಚಬೇಡಿ, ಅದು ಗಾಳಿಚೀಲ ಅಲ್ಲ. ಮುಳ್ಳಿಲ್ಲದ ಹುಕ್ಕನ್ನ ತಲೆಕೆಳಗಾಗಿ ಭಾರಕ್ಕೆ ಕಟ್ಟಿ, ಕೆಳದುಟಿಗೆ ಸಿಕ್ಕಿಸಿ ಮೀನನ್ನ ಆಳಕ್ಕೆ ಇಳಿಸಿ. ಒತ್ತಡಕ್ಕೆ ಚೀಲ ಕುಗ್ಗುತ್ತೆ. ತಳದಲ್ಲಿ ಲೈನ್ ಒಮ್ಮೆ ಜಗ್ಗಿದರೆ ಹುಕ್ ಕಳಚಿಕೊಳ್ಳುತ್ತೆ. ಆ ಭಾರ ಮೊದಲೇ ಕಟ್ಟಿ ಕೈಗೆ ಸಿಗೋ ಹಾಗೆ ಇಟ್ಟುಕೊಂಡಿರಿ, ಮೀನು ಮೇಲೆ ಬಂದ ಮೇಲೆ ಹುಡುಕೋಕೆ ಸಮಯ ಇರಲ್ಲ.