ಚಾವಣಿಗೆ ರಂಧ್ರ ಕೊರೆಯುವ ಮೊದಲು: ಡೌನ್‌ಲೈಟ್, ಬಲ್ಬ್ ಕುರಿತು ಪ್ರಶ್ನೋತ್ತರ

ಮನೆ ಕಟ್ಟುತ್ತಿರುವವರ ನಮ್ಮ ಗುಂಪಿನಲ್ಲಿ ಈ ವಾರ ಉತ್ತರಿಸುತ್ತಿರುವವರು ಕಲಬುರಗಿಯ ವಿದ್ಯುತ್ ಗುತ್ತಿಗೆದಾರರು. ಮನೆಗಳ ವೈರಿಂಗ್ ಅವರ ನಿತ್ಯದ ಕೆಲಸ.

ಪ್ರಶ್ನೆ (ಸೇಡಂ ರಸ್ತೆ, ಕಲಬುರಗಿ): ಅಣ್ಣಾವರೇ, ಶರಣಾರ್ಥಿ. ನಮ್ಮದು ಮೊದಲ ಮಹಡಿಯ ಮನೆ, ಮೇಲೆ ಬಯಲು ಮಾಳಿಗೆ. ಪಡಸಾಲೆ 14 ಅಡಿ ಉದ್ದ, 12 ಅಡಿ ಅಗಲ. ಪಿಒಪಿ ಕೆಲಸದವರು ಫಾಲ್ಸ್ ಸೀಲಿಂಗ್ ಮೇಲೆ 12 ಡೌನ್‌ಲೈಟ್‌ಗಳಿಗೆ ಗುರುತು ಹಾಕಿದ್ದಾರೆ, ಒಂದೊಂದೂ 15 ವ್ಯಾಟ್. ನಾಳೆ ರಂಧ್ರ ಕೊರೆಯುತ್ತಾರಂತೆ. ಇಷ್ಟೆಲ್ಲ ಬೇಕೇ?

ಉತ್ತರ: ಶರಣಾರ್ಥಿ. ಬೇಡ. ನಾಳೆಯ ಕೆಲಸವನ್ನು ದಯವಿಟ್ಟು ಎರಡು ದಿನ ಮುಂದಕ್ಕೆ ಹಾಕಿಸಿ. ಫಾಲ್ಸ್ ಸೀಲಿಂಗ್ ಬೋರ್ಡಿಗೆ ಒಮ್ಮೆ ತೂತು ಬಿದ್ದರೆ ಅಲ್ಲಿ ಲೈಟು ಬೇಕಿರಲಿ, ಬೇಡದಿರಲಿ, ಕೂರಿಸಲೇಬೇಕಾಗುತ್ತದೆ.

ಲೆಕ್ಕ ಹಾಕೋಣ. ವ್ಯಾಟ್ ಎಂದರೆ ಲೈಟು ಎಳೆಯುವ ವಿದ್ಯುತ್ತು. ಬೆಳಕಿನ ಅಳತೆ ಲ್ಯೂಮೆನ್. ಈಗಿನ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 90ರಿಂದ 100 ಲ್ಯೂಮೆನ್ ಕೊಡುತ್ತದೆ. ಅಂದರೆ ನಿಮಗೆ ಗುರುತು ಹಾಕಿಕೊಟ್ಟದ್ದು 16 ಸಾವಿರ ಲ್ಯೂಮೆನ್‌ಗೂ ಹೆಚ್ಚು. ನಿಮ್ಮ ಪಡಸಾಲೆ 15.6 ಚದರ ಮೀಟರ್. ಕುಳಿತು ಮಾತನಾಡಲು, ಟಿವಿ ನೋಡಲು, ಬಂದವರಿಗೆ ಊಟ ಬಡಿಸಲು ಚದರ ಮೀಟರ್‌ಗೆ 150 ಲ್ಯೂಮೆನ್ ಬಿದ್ದರೆ ಸಾಕು. ಗೋಡೆ, ಪರದೆಗಳು ನುಂಗುವ ಬೆಳಕನ್ನೂ ಸೇರಿಸಿಕೊಂಡರೆ ಲೈಟುಗಳಿಂದ ಸುಮಾರು 4,000 ಲ್ಯೂಮೆನ್ ಹೊರಡಬೇಕು. 12 ವ್ಯಾಟ್‌ನ ನಾಲ್ಕು ಲೈಟುಗಳು ಇದನ್ನು ಕೊಡುತ್ತವೆ.

ಆ ನಾಲ್ಕನ್ನು ಪ್ರತಿ ಗೋಡೆಯಿಂದ 3 ಅಡಿ ಒಳಗೆ, ನಾಲ್ಕು ಮೂಲೆಗೆ ಇಡಿಸಿ. ಆಗ ನಡುವಿನ ಫ್ಯಾನಿನಿಂದ ಪ್ರತಿ ಲೈಟೂ 5 ಅಡಿ ದೂರ ಉಳಿಯುತ್ತದೆ. 48 ಇಂಚಿನ ಫ್ಯಾನಿನ ರೆಕ್ಕೆ ನಡುವಿನಿಂದ 2 ಅಡಿವರೆಗೆ ಚಾಚುತ್ತದೆ. ಲೈಟು ಅದರ ಮೇಲೆ ಅಥವಾ ಅಂಚಿಗೆ ಬಂದರೆ ರೆಕ್ಕೆಗಳು ಬೆಳಕನ್ನು ಕತ್ತರಿಸುತ್ತಾ ಹೋಗುತ್ತವೆ. ಗೋಡೆಯ ಮೇಲೆ ನೆರಳು ಪಟಪಟನೆ ಓಡುತ್ತದೆ, ಕಣ್ಣು ಸೋಲುತ್ತದೆ. ನಮ್ಮ ಊರಿನಲ್ಲಿ ವರ್ಷದ ಬಹುಪಾಲು ಫ್ಯಾನು ತಿರುಗುತ್ತಲೇ ಇರುತ್ತದೆ, ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಓದುವ ಕುರ್ಚಿಯ ಪಕ್ಕಕ್ಕೆ, ದೇವರ ಜಗಲಿಗೆ ಬೇರೆ ಲೈಟು, ಬೇರೆ ಸ್ವಿಚ್ಚು ಕೊಡಿಸಿ. ಬೆಳಕು ಬೇಕಾಗುವುದು ಕೈ, ಕಣ್ಣು ಕೆಲಸ ಮಾಡುವ ಜಾಗಕ್ಕೆ; ಬರೀ ಚಾವಣಿ ತುಂಬಿಸಲು ಅಲ್ಲ.

ಅದೇ ಮನೆಯವರು: ಇನ್ನೊಂದು ಮಾತು. ಮಲಗುವ ಕೋಣೆಯಲ್ಲಿ ಮೊದಲೇ ಹಾಕಿಸಿದ್ದ ಎರಡು ಡೌನ್‌ಲೈಟ್ ಒಂದೇ ಬೇಸಿಗೆಗೆ ಹೋದವು. ಕೆಳಗಿನ ಮನೆಯವರದೂ ಅದೇ ಕಂಪನಿಯದು, ಮೂರು ವರ್ಷದಿಂದ ಚೆನ್ನಾಗಿ ಉರಿಯುತ್ತಿವೆ. ನಮಗೆ ನಕಲಿ ಮಾಲು ಕೊಟ್ಟರೇ?

ಉತ್ತರ: ನಕಲಿ ಎನ್ನುವ ಮೊದಲು ಮಾಳಿಗೆಯ ಕಡೆ ನೋಡಿ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಬಿಸಿಲು ಹೊಸದಲ್ಲ. ಸ್ಲ್ಯಾಬು ದಿನವಿಡೀ ಆ ಬಿಸಿಲನ್ನು ಕುಡಿದು, ಹೊತ್ತು ಮುಳುಗಿದ ಮೇಲೆ ಕೆಳಗೆ ಬಿಡುತ್ತದೆ. ನೀವು ಲೈಟು ಹಾಕುವುದೂ ಅದೇ ಹೊತ್ತಿಗೆ. ಸ್ಲ್ಯಾಬಿಗೂ ಬೋರ್ಡಿಗೂ ನಡುವೆ ಸಿಕ್ಕಿಕೊಂಡ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಲೈಟಿನ ಡ್ರೈವರ್, ಅಂದರೆ ಮನೆಯ ಕರೆಂಟನ್ನು ಎಲ್‌ಇಡಿಗೆ ಒಗ್ಗುವಂತೆ ಮಾಡಿಕೊಡುವ ಪುಟ್ಟ ಸಾಧನ, ಕುಳಿತಿರುವುದು ಅಲ್ಲಿಯೇ. ಕೆಳಗಿನ ಮನೆಯವರ ತಲೆಯ ಮೇಲೆ ನಿಮ್ಮ ಮನೆಯೇ ನೆರಳು.

ಕೆಟ್ಟ ಲೈಟನ್ನು ಎಸೆದಿರದಿದ್ದರೆ ಅದರ ಡ್ರೈವರ್ ಡಬ್ಬಿಯನ್ನು ಬಿಚ್ಚಿ ನೋಡಿ. ಒಳಗೆ ಕಿರುಬೆರಳ ತುದಿಯಷ್ಟು ದಪ್ಪದ, ಉರುಟಾದ ಒಂದು ಕೆಪಾಸಿಟರ್ ಇರುತ್ತದೆ. ಚೆನ್ನಾಗಿರುವ ಕೆಪಾಸಿಟರಿನ ನೆತ್ತಿ ಚಪ್ಪಟೆಯಾಗಿರುತ್ತದೆ. ಬಿಸಿಗೆ ಬೆಂದದ್ದರ ನೆತ್ತಿ ಉಬ್ಬಿರುತ್ತದೆ, ಕೆಲವೊಮ್ಮೆ ಬುಡದಲ್ಲಿ ಕಂದು ಬಣ್ಣದ ಅಂಟು ಇಳಿದಿರುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಈ ಕೆಪಾಸಿಟರಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೆಳಕು ಕೊಡುವ ಎಲ್‌ಇಡಿ ಚಿಪ್ಪು ಗಟ್ಟಿಯಾಗಿಯೇ ಇರುತ್ತದೆ, ಸಾಯುವುದು ಡ್ರೈವರ್.

ಆದ್ದರಿಂದ ಬಿಸಿಲು ಬೀಳುವ ಮಾಳಿಗೆಯ ಕೆಳಗಿನ ಕೋಣೆಗಳಿಗೆ ನನ್ನ ಮೊದಲ ಆಯ್ಕೆ ಬೋರ್ಡಿನೊಳಗೆ ಹುದುಗಿಸುವ ಕನ್ಸೀಲ್ಡ್ ಅಲ್ಲ, ಸರ್ಫೇಸ್ ಲೈಟು. ಅದು ಬೋರ್ಡಿನ ಕೆಳಗೆ ಫ್ಯಾನಿನ ಗಾಳಿಯಲ್ಲಿ ಇರುತ್ತದೆ. ಕನ್ಸೀಲ್ಡೇ ಬೇಕೆಂದರೆ ಡ್ರೈವರ್ ಬೇರೆ ಡಬ್ಬಿಯಲ್ಲಿದ್ದು ವೈರಿನಿಂದ ಜೋಡಿಸುವಂಥದ್ದನ್ನೇ ಕೊಳ್ಳಿ. ಕೆಟ್ಟರೆ ಡ್ರೈವರನ್ನಷ್ಟೇ ಬದಲಿಸಬಹುದು. ಚಿಪ್ಪು ಮತ್ತು ಡ್ರೈವರ್ ಒಂದೇ ತಟ್ಟೆಯ ಮೇಲಿರುವ ಅಗ್ಗದ ಪ್ಯಾನೆಲ್‌ಗಳು ಇಂಥ ಕೋಣೆಗೆ ಬೇಡ. ಡ್ರೈವರ್ ಮೇಲೆ ‘ಟಿಎ’ ಎಂದು ಅಚ್ಚಾಗಿರುವ ಅಂಕಿ ಅದು ಎಷ್ಟು ಡಿಗ್ರಿ ಬಿಸಿಗಾಳಿಯನ್ನು ತಡೆಯುತ್ತದೆ ಎಂಬುದನ್ನು ಹೇಳುತ್ತದೆ. ನಮಗೆ 50 ಇದ್ದರೆ ಒಳ್ಳೆಯದು. ಸ್ಲ್ಯಾಬಿಗೂ ಬೋರ್ಡಿಗೂ ಕನಿಷ್ಠ 6 ಇಂಚು ಬಿಡಿಸಿ, ಡ್ರೈವರನ್ನು ಲೈಟಿನ ಬೆನ್ನ ಮೇಲೆ ಮಲಗಿಸದೆ ಪಕ್ಕಕ್ಕೆ ಸರಿಸಿ ಇಡಿಸಿ. ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿದರೆ ನಿಮಗೂ ತಂಪು, ಲೈಟಿಗೂ ಆಯುಷ್ಯ.

ಪ್ರಶ್ನೆ (ಆಳಂದ ರಸ್ತೆ): ಅಣ್ಣಾ, ಅಡುಗೆಮನೆಗೆ 6500 ಕೆಲ್ವಿನ್‌ನ ಬಿಳಿ ಲೈಟು ನಾಲ್ಕು ಹಾಕಿಸಿದ್ದೇವೆ. ಆದರೂ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುವಾಗ ಹರಳು ಕಾಣುವುದಿಲ್ಲ. ಇನ್ನೂ ಜೋರು ಲೈಟು ಹಾಕಿಸಲೇ?

ಉತ್ತರ: ಜೋರು ಮಾಡಿದರೆ ನೆರಳೂ ಜೋರಾಗುತ್ತದೆ, ಅಕ್ಕಾ. ಲೈಟುಗಳು ಕೋಣೆಯ ನಡುವೆ ಇವೆ, ನೀವು ಕಟ್ಟೆಯ ಕಡೆ ಮುಖ ಮಾಡಿ ನಿಲ್ಲುತ್ತೀರಿ. ಬೆಳಕು ಬೆನ್ನ ಹಿಂದಿನಿಂದ ಬಂದು ನಿಮ್ಮ ತಲೆಯ ನೆರಳೇ ಮೊರದ ಮೇಲೆ ಬೀಳುತ್ತಿದೆ. ಮೇಲಿನ ಕಪಾಟಿನ ತಳಕ್ಕೆ, ಮುಂದಿನ ಅಂಚಿಗೆ ಹತ್ತಿರವಾಗಿ ಎರಡು ಅಥವಾ ನಾಲ್ಕು ಅಡಿಯ ಎಲ್‌ಇಡಿ ಪಟ್ಟಿ ಹಾಕಿಸಿ. ಕಪಾಟು ಇಲ್ಲದಿದ್ದರೆ ಕಟ್ಟೆಯ ಮುಂದಿನ ಗೋಡೆಯ ಮೇಲೆ ಒಂದು ಟ್ಯೂಬ್ ಸಾಕು.

ಬಣ್ಣದ ವಿಚಾರ. ಕೆಲ್ವಿನ್ ಹೆಚ್ಚಾದರೆ ಬೆಳಕು ಹೆಚ್ಚುವುದಿಲ್ಲ, ನೀಲಿಛಾಯೆ ಹೆಚ್ಚುತ್ತದೆ. 2700ರಿಂದ 3000 ಅರಿಸಿನ ಛಾಯೆ, ಮಲಗುವ ಕೋಣೆಗೆ ಹಿತ. 4000 ಮಧ್ಯಮ, ಅಡುಗೆಮನೆ, ಓದುವ ಜಾಗ, ಕನ್ನಡಿಯ ಮುಂದೆ ನಾನು ಸೂಚಿಸುವುದು ಇದನ್ನೇ. ಜೊತೆಗೆ ಪೆಟ್ಟಿಗೆಯ ಮೇಲೆ ‘ಸಿಆರ್‌ಐ’ ಅಂಕಿ ಓದಿ. ಬಣ್ಣವನ್ನು ಇದ್ದದ್ದು ಇದ್ದಂತೆ ತೋರಿಸುವ ಗುಣ ಅದು, 100ಕ್ಕೆ ಅಳೆಯುತ್ತಾರೆ. 80ಕ್ಕಿಂತ ಕೆಳಗಿನದು ಬೇಡ. ಅಡುಗೆಕಟ್ಟೆಗೆ 90 ಸಿಕ್ಕರೆ ಬೇಳೆಯ ಹಳದಿಗೂ ಹರಳಿನ ಬೂದಿಗೂ ಇರುವ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಪ್ರಶ್ನೆ (ಚಿತ್ತಾಪುರ ತಾಲೂಕು): ನಮ್ಮದು ಅಜ್ಜನ ಕಾಲದ ಫರಸಿ ಮಾಳಿಗೆಯ ಮನೆ. ಫಾಲ್ಸ್ ಸೀಲಿಂಗ್ ಬೇಡ ಎಂದು ಅಪ್ಪನ ಹಟ. 9 ವ್ಯಾಟ್‌ನ ಬಲ್ಬ್ ಹಾಕಿದ್ದೇವೆ, ಸ್ವಿಚ್ ಆರಿಸಿದರೂ ಮಿಣಮಿಣ ಉರಿಯುತ್ತದೆ. ಬಲ್ಬ್ ದೋಷವೇ ಸರ್?

ಉತ್ತರ: ಅಪ್ಪನವರ ಮಾತು ಸರಿಯಾಗಿದೆ, ಅವರ ಪರವಾಗಿ ನಾನೂ ಹೇಳುತ್ತೇನೆ. ಫರಸಿಗೆ ಡ್ರಿಲ್ ಹಾಕಬೇಡಿ, ಬಿರುಕು ಬಿಟ್ಟರೆ ಮಳೆಗಾಲದಲ್ಲಿ ಸೋರುತ್ತದೆ. ತೊಲೆಯ ಗುಂಟ ಕೇಸಿಂಗ್ ಪಟ್ಟಿಯಲ್ಲಿ ವೈರು ಒಯ್ದು ಗೋಡೆಗೆ ಲೈಟು ಕೊಡಿ. ನೆಲವೂ ಶಹಾಬಾದಿ ಕಲ್ಲಿನದಾದರೆ ಅದು ಬೆಳಕನ್ನು ಹೀರುತ್ತದೆ. ಗೋಡೆಗೆ ಸುಣ್ಣದ ಬಿಳುಪು ಇರಲಿ.

ಮಿಣುಕುವುದಕ್ಕೆ ಬಲ್ಬನ್ನು ದೂರಬೇಡಿ. ಸ್ವಿಚ್ಚಿನಲ್ಲಿ ಪುಟ್ಟ ಕೆಂಪು ದೀಪ ಇದ್ದರೆ ಅದರ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತೇ ಎಲ್‌ಇಡಿಗೆ ಸಾಕು, ಅದರಿಂದ ಅಪಾಯವಿಲ್ಲ. ಆ ದೀಪ ಇಲ್ಲದಿದ್ದರೆ ನನಗೆ ಆತಂಕ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಸ್ವಿಚ್ಚನ್ನು ಫೇಸಿಗೆ (ಕರೆಂಟ್ ಬರುವ ವೈರು) ಕೊಡದೆ ನ್ಯೂಟ್ರಲ್‌ಗೆ (ಮರಳಿ ಹೋಗುವ ವೈರು) ಕೊಟ್ಟಿರುತ್ತಾರೆ. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಪೂರ್ತಿ ಕರೆಂಟ್ ಇರುತ್ತದೆ. ಆರಿಸಿದ್ದೇನಲ್ಲ ಎಂದು ಬಲ್ಬ್ ಬದಲಿಸಲು ಹೋಗಿ ಕೈ ತಗುಲಿದರೆ ಜೀವಕ್ಕೇ ಅಪಾಯ. ಲೈಸೆನ್ಸ್ ಇರುವವರಿಂದ ಇದೇ ವಾರ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಮೇನ್ ಆರಿಸದೆ ಹೋಲ್ಡರ್ ಮುಟ್ಟಬೇಡಿ. ಸಾಧ್ಯವಾದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನೂ (ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿಕೊಳ್ಳಿ.

ಪ್ರಶ್ನೆ (ಜೇವರ್ಗಿ ರಸ್ತೆ): ಗೃಹಜ್ಯೋತಿಯ ಯೂನಿಟ್ ಮೀರಬಾರದು. ಡೌನ್‌ಲೈಟ್ ಎಷ್ಟು ತಿನ್ನುತ್ತದೆ?

ಉತ್ತರ: 12 ವ್ಯಾಟ್‌ನ ನಾಲ್ಕು ಲೈಟು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಸುಮಾರು 7 ಯೂನಿಟ್. ಯೂನಿಟ್ ಏರಿಸುವುದು ಎಸಿ, ಗೀಸರ್, ಲೈಟಲ್ಲ.

ಪ್ರಶ್ನೆ (ಯಾದಗಿರಿ): ಅಂಗಡಿಯಲ್ಲೇ ಒಳ್ಳೆಯ ಲೈಟನ್ನು ಗುರುತಿಸುವುದು ಹೇಗೆ?

ಉತ್ತರ: ಉರಿಸಿ ತೋರಿಸಲು ಹೇಳಿ. ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಹಾಕಿ ಲೈಟಿನ ಕಡೆ ಹಿಡಿಯಿರಿ. ವಿಡಿಯೊದಲ್ಲಿ ಬೆಳಕು ಕಂಪಿಸಿದರೆ ಅಥವಾ ಕಪ್ಪು ಪಟ್ಟಿಗಳು ಓಡಿದರೆ ಬಿಟ್ಟುಬಿಡಿ. ಪೆಟ್ಟಿಗೆಯ ಮೇಲೆ ಲ್ಯೂಮೆನ್ ಬರೆದಿರಬೇಕು, ‘ಆರ್’ ಎಂದು ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು. ಬಿಲ್ ಇಲ್ಲದೆ ಕೊಳ್ಳಬೇಡಿ, ಗ್ಯಾರಂಟಿಗೆ ಅದೇ ಆಧಾರ.

ಸೇಡಂ ರಸ್ತೆಯವರು: ಕೆಲಸ ನಿಲ್ಲಿಸಿದ್ದೇವೆ ಅಣ್ಣಾವರೇ. ನಾಲ್ಕಕ್ಕೆ ಮನೆಯವರೆಲ್ಲ ಒಪ್ಪಿದರು. ಮೊದಲು ರಂಧ್ರವೋ, ಲೈಟೋ?

ಉತ್ತರ: ಮೊದಲು ಲೈಟು. 12 ವ್ಯಾಟ್ ಎಂದರೆ ಎಲ್ಲ ಕಂಪನಿಯದೂ ಒಂದೇ ಅಳತೆಯಲ್ಲ. ಕೊರೆಯಬೇಕಾದ ವ್ಯಾಸ ಪೆಟ್ಟಿಗೆಯ ಮೇಲೆ ಇರುತ್ತದೆ, ಅದನ್ನು ಪಿಒಪಿಯವರ ಕೈಗೇ ಕೊಡಿ. ಆರು ಕೊಂಡು ಎರಡನ್ನು ತೆಗೆದಿಡಿ, ಮುಂದೆ ಅದೇ ಮಾದರಿ, ಅದೇ ಛಾಯೆ ಸಿಗುವುದು ಕಷ್ಟ. ಎದುರುಬದುರು ಮೂಲೆಯ ಎರಡೆರಡು ಲೈಟಿಗೆ ಒಂದೊಂದು ಸ್ವಿಚ್ಚು ಇರಲಿ. ಬೋರ್ಡು ಮುಚ್ಚುವ ಮೊದಲು ಒಳಗಿನ ವೈರಿನ ಫೋಟೊ ತೆಗೆದಿಟ್ಟುಕೊಳ್ಳಿ. ಒಳಗೆ ಟೇಪು ಸುತ್ತಿದ ಜೋಡಣೆ ಒಂದೂ ಇರಕೂಡದು, ಎಲ್ಲಕ್ಕೂ ಕನೆಕ್ಟರ್ ಹಾಕಿಸಿ.